ಯಾವ ಕೆಲಸಕ್ಕೆ ಎಷ್ಟು ಹೊತ್ತು: ಪ್ರೊಸೆಸರ್ ಕೊಳ್ಳುವವರ ಲೆಕ್ಕ

(ಹಾಸನದಲ್ಲಿ ಕಂಪ್ಯೂಟರ್ ಜೋಡಿಸುವ, ದುರಸ್ತಿ ಮಾಡುವ, ಕಲಿಸುವ ಗೆಳೆಯರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2017ರ ಬೇಸಿಗೆಯಲ್ಲಿ ನನ್ನ ಭಾವನವರು ತಮ್ಮ ಸ್ಟುಡಿಯೊಗೆ ಹೊಸ ಕಂಪ್ಯೂಟರ್ ಕೊಂಡರು. ಮದುವೆ, ಗೃಹಪ್ರವೇಶ, ನಾಮಕರಣಗಳ ಫೋಟೊ ಮತ್ತು ವಿಡಿಯೊ ಅವರ ಕಸುಬು. ಅಂಗಡಿಯವರು ಎರಡು ಪ್ರೊಸೆಸರ್‌ಗಳ ಹೆಸರು ಹೇಳಿದರು. ಎರಡರ ಬೆಲೆಯೂ ಹತ್ತಿರಹತ್ತಿರ. "ಇದು 4.2 ಗಿಗಾಹರ್ಟ್ಸ್, ಅದು 3 ಮಾತ್ರ" ಎಂಬ ಒಂದು ಮಾತಿನಲ್ಲಿ ವ್ಯಾಪಾರ ಮುಗಿಯಿತು. ಭಾವ ನನಗೆ ಫೋನ್ ಮಾಡಿ ಕೇಳಿದ್ದರು. ಹೆಚ್ಚು ಗಿಗಾಹರ್ಟ್ಸ್ ಇರುವುದನ್ನೇ ತೆಗೆದುಕೊಳ್ಳಿ ಎಂದು ನಾನೂ ಹೇಳಿದೆ. ನಿಮ್ಮ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗುವುದು ಎಲ್ಲಿ ಎಂದು ನಾನು ಕೇಳಲಿಲ್ಲ. ಆ ವರ್ಷದ ಲಗ್ನಗಳೆಲ್ಲ ಮುಗಿಯುವವರೆಗೂ ಅವರು ವಿಡಿಯೊವನ್ನು ರೆಂಡರಿಂಗ್‌ಗೆ, ಅಂದರೆ ತಿದ್ದಿದ ತುಣುಕುಗಳನ್ನೆಲ್ಲ ಒಂದೇ ವಿಡಿಯೊ ಆಗಿ ಹೊರತೆಗೆಯಲು, ಹಚ್ಚಿ ಮಲಗುತ್ತಿದ್ದರು, ನಡುರಾತ್ರಿ ಎದ್ದು ಎಷ್ಟಾಗಿದೆ ಎಂದು ನೋಡುತ್ತಿದ್ದರು. ನಾನು ಅಂದು ಕೇಳದೆ ಬಿಟ್ಟ ಆ ಪ್ರಶ್ನೆಯ ಬಗ್ಗೆಯೇ ಇವತ್ತು ಮಾತನಾಡಲು ಬಂದಿದ್ದೇನೆ.

ಆ ಎರಡು ಪ್ರೊಸೆಸರ್‌ಗಳು ಯಾವುವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಭಾವ ಕೊಂಡದ್ದು ಇಂಟೆಲ್‌ನ ಕೋರ್ ಐ7-7700ಕೆ. 2017ರ ಜನವರಿಯಲ್ಲಿ ಬಂದದ್ದು. ನಾಲ್ಕು ಕೋರ್ (ಲೆಕ್ಕ ಮಾಡುವ ಬಿಡಿ ಘಟಕಗಳು), ಎಂಟು ಥ್ರೆಡ್ (ಒಂದೇ ಹೊತ್ತಿಗೆ ಹಿಡಿಯಬಲ್ಲ ಕೆಲಸದ ಎಳೆಗಳು), 4.2 ಗಿಗಾಹರ್ಟ್ಸ್, ಒತ್ತಡ ಬಿದ್ದಾಗ 4.5ರವರೆಗೆ. ಅಮೆರಿಕದಲ್ಲಿ ಅದರ ಬೆಲೆ ಸುಮಾರು 340 ಡಾಲರ್. ಬಿಟ್ಟದ್ದು ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ ಎಎಂಡಿಯ ರೈಜೆನ್ 7 1700. ಅದೇ ವರ್ಷದ ಮಾರ್ಚ್ 2ರಂದು ಮಾರುಕಟ್ಟೆಗೆ ಬಂತು. ಎಂಟು ಕೋರ್, 16 ಥ್ರೆಡ್, 3.0 ಗಿಗಾಹರ್ಟ್ಸ್, ಹೆಚ್ಚೆಂದರೆ 3.7. ಬೆಲೆ 329 ಡಾಲರ್. ಪ್ರೊಸೆಸರ್‌ಗಳನ್ನು ತೂಗಿ ನೋಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ. ಬೆಲೆ ಹೆಚ್ಚುಕಡಿಮೆ ಒಂದೇ, ಸ್ವಭಾವ ಮಾತ್ರ ಪೂರ್ತಿ ಬೇರೆ. ಇಂಟೆಲ್‌ನಲ್ಲಿ ಎಂಟು ಕೋರ್ ಬೇಕೆಂದರೆ ಆಗ ಕೋರ್ ಐ7-6900ಕೆ ಕೊಳ್ಳಬೇಕಿತ್ತು, ಅದಕ್ಕೆ ಸಾವಿರ ಡಾಲರ್ ಮೀರಿದ ಬೆಲೆ. ಹಾಗಾಗಿ 329 ಡಾಲರಿಗೆ ಎಂಟು ಕೋರ್ ಎಂದಾಗ ಹಲವರು ನಂಬಲಿಲ್ಲ. ನನಗೂ ಅನುಮಾನವಿತ್ತು.

ಆ ದಿನಗಳಲ್ಲಿ ಎಲ್ಲರೂ ಓಡಿಸುತ್ತಿದ್ದ ಪರೀಕ್ಷೆ ಸಿನೆಬೆಂಚ್ ಆರ್15. ಮೂರು ಆಯಾಮದ ಒಂದು ಚಿತ್ರವನ್ನು ಪ್ರೊಸೆಸರ್ ಎಷ್ಟು ಬೇಗ ಬಿಡಿಸುತ್ತದೆ ಎಂದು ಅದು ಅಳೆಯುತ್ತದೆ. ಎಲ್ಲ ಕೋರ್‌ಗಳೂ ದುಡಿದಾಗ ರೈಜೆನ್ 1700ಕ್ಕೆ ಸುಮಾರು 1400 ಅಂಕ, 7700ಕೆಗೆ ಸುಮಾರು 970. ಒಂದೇ ಕೋರ್ ದುಡಿದಾಗ ಲೆಕ್ಕ ತಿರುವುಮುರುವು: ಇಂಟೆಲ್‌ಗೆ 195ರ ಆಸುಪಾಸು, ರೈಜೆನ್‌ಗೆ 145ರ ಆಸುಪಾಸು. ಹಾಗಾದರೆ ಯಾವುದು ವೇಗದ ಪ್ರೊಸೆಸರ್? ಈ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಕೆಲಸ ಯಾವುದು ಎಂದು ಹೇಳಿದ ಮೇಲೆ ಮಾತ್ರ ಉತ್ತರ ಹುಟ್ಟುತ್ತದೆ. ರಾತ್ರಿಯಿಡೀ ವಿಡಿಯೊ ರೆಂಡರ್ ಮಾಡುವವರಿಗೆ ರೈಜೆನ್, ಆ ಕಾಲದ ಆಟಗಳನ್ನು ಆಡುವ ಹುಡುಗರಿಗೆ ಇಂಟೆಲ್. ಭಾವನ ಯಂತ್ರ ಕೆಟ್ಟದ್ದಾಗಿರಲಿಲ್ಲ. ಫೋಟೊ ತಿದ್ದುವಾಗ ಅದು ಚುರುಕಾಗಿಯೇ ಓಡುತ್ತಿತ್ತು. ಅದು ಬೇರೆ ಕೆಲಸಕ್ಕೆ ಹುಟ್ಟಿದ ಯಂತ್ರವಾಗಿತ್ತು, ಅಷ್ಟೇ.

ಗಿಗಾಹರ್ಟ್ಸ್ ಎಂಬ ಮಾತಿಗೆ ನಾವು ಇಷ್ಟು ಬೇಗ ಸೋಲುವುದೇಕೆ ಎಂದು ಸ್ವಲ್ಪ ನೋಡೋಣ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಬಡಿತ. ಅದು ನಿಜ. ಆದರೆ ಭತ್ತ ಕುಟ್ಟುವವರ ಒನಕೆ ನಿಮಿಷಕ್ಕೆ ಎಷ್ಟು ಪೆಟ್ಟು ಹಾಕಿತು ಎಂದು ಎಣಿಸಿದರೆ ಎಷ್ಟು ಅಕ್ಕಿಯಾಯಿತು ಎಂದು ತಿಳಿಯುವುದಿಲ್ಲ. ಒಂದು ಪೆಟ್ಟಿಗೆ ಎಷ್ಟು ಭತ್ತ ಹೊಟ್ಟು ಬಿಡುತ್ತದೆ ಎಂಬುದೂ ಗೊತ್ತಿರಬೇಕು, ಒರಳಲ್ಲಿ ಒಟ್ಟು ಎಷ್ಟು ಭತ್ತ ಇದೆ ಎಂಬುದೂ ಗೊತ್ತಿರಬೇಕು. ಪ್ರೊಸೆಸರ್ ವಿಷಯದಲ್ಲೂ ಅಷ್ಟೇ. ಒಂದು ಕೆಲಸಕ್ಕೆ ಹಿಡಿಯುವ ಸಮಯ ಮೂರು ಸಂಗತಿಗಳ ಗುಣಾಕಾರ: ಆ ಕೆಲಸದಲ್ಲಿ ಪ್ರೊಸೆಸರ್ ಪಾಲಿಸಬೇಕಾದ ಆದೇಶಗಳು ಒಟ್ಟು ಎಷ್ಟಿವೆ, ಒಂದು ಆದೇಶಕ್ಕೆ ಸರಾಸರಿ ಎಷ್ಟು ಬಡಿತ ಬೇಕು, ಒಂದು ಬಡಿತಕ್ಕೆ ಎಷ್ಟು ಸಮಯ. ಡಬ್ಬಿಯ ಮೇಲೆ ಅಚ್ಚಾಗುವುದು ಮೂರನೆಯದೊಂದೇ.

ಇದನ್ನು ಇಡೀ ಉದ್ಯಮ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. 2000ದ ಮಾರ್ಚ್‌ನಲ್ಲಿ ಎಎಂಡಿಯ ಅಥ್ಲಾನ್ ಒಂದು ಗಿಗಾಹರ್ಟ್ಸ್ ಮುಟ್ಟಿತು. ಕೆಲವೇ ದಿನಗಳಲ್ಲಿ ಇಂಟೆಲ್‌ನ ಪೆಂಟಿಯಂ 3 ಕೂಡ ಮುಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ 1.4 ಮತ್ತು 1.5 ಗಿಗಾಹರ್ಟ್ಸ್‌ನ ಪೆಂಟಿಯಂ 4 ಬಂತು. ಬಡಿತ ಹೆಚ್ಚಿಸಲು ಇಂಟೆಲ್ ಎಂಜಿನಿಯರ್‌ಗಳು ಒಂದು ಆದೇಶದ ಕೆಲಸವನ್ನು ಇಪ್ಪತ್ತು ಚಿಕ್ಕ ಹಂತಗಳಾಗಿ ಕತ್ತರಿಸಿದರು. ಹಿಂದಿನ ಪೀಳಿಗೆಯಲ್ಲಿ ಇದ್ದದ್ದು ಹತ್ತು. 2004ರ ಪ್ರೆಸ್ಕಾಟ್ ಎಂಬ ರೂಪದಲ್ಲಿ ಅದು 31 ಆಯಿತು. ಮನೆ ಕಟ್ಟುವಾಗ ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿದ್ದೀರಿ. ಸಾಲಿನಲ್ಲಿ ಹೆಚ್ಚು ಜನ ನಿಂತರೆ ಒಬ್ಬೊಬ್ಬರ ಕೈ ಬೇಗ ಆಡುತ್ತದೆ. ಆದರೆ ತಪ್ಪು ಇಟ್ಟಿಗೆ ಹೊರಟಿದೆ ಎಂದು ಗೊತ್ತಾದರೆ ಸಾಲಿನುದ್ದಕ್ಕೂ ಎಲ್ಲರ ಕೈಯನ್ನೂ ಖಾಲಿ ಮಾಡಿಸಿ ಮೊದಲಿನಿಂದ ಶುರು ಮಾಡಬೇಕು. ಸಾಲು ಉದ್ದವಾದಷ್ಟೂ ನಷ್ಟ ಹೆಚ್ಚು. ಪ್ರೋಗ್ರಾಂ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂಬ ಊಹೆ ತಪ್ಪಿದಾಗಲೆಲ್ಲ ಪೆಂಟಿಯಂ 4ಕ್ಕೆ ಹೀಗೆಯೇ ಆಗುತ್ತಿತ್ತು. ಮೇಲಾಗಿ ಶಾಖ. 3.8 ಗಿಗಾಹರ್ಟ್ಸ್‌ನಲ್ಲಿ ಆ ಓಟ ನಿಂತಿತು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ 2004ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು.

ಈ ನಡುವೆ ಎಎಂಡಿ ತನ್ನ ಪ್ರೊಸೆಸರ್‌ಗಳಿಗೆ ಗಿಗಾಹರ್ಟ್ಸ್ ಹೆಸರಿಡುವುದನ್ನೇ ಬಿಟ್ಟಿತ್ತು. 2001ರ ಅಥ್ಲಾನ್ ಎಕ್ಸ್‌ಪಿ 1800+, ಹೆಸರು 1.8 ಗಿಗಾಹರ್ಟ್ಸ್ ಎಂಬಂತೆ ಕೇಳಿಸಿದರೂ, ನಿಜವಾಗಿ ಓಡುತ್ತಿದ್ದದ್ದು 1.53 ಗಿಗಾಹರ್ಟ್ಸ್‌ನಲ್ಲಿ. ಆಗ ಅದನ್ನು ಮೋಸ ಎಂದವರಿದ್ದರು. ಆದರೆ 2006ರ ಜುಲೈಯಲ್ಲಿ ಇಂಟೆಲ್‌ನದೇ ಕೋರ್ 2 ಡ್ಯುವೋ ಬಂದಾಗ ಚರ್ಚೆ ಮುಗಿದುಹೋಯಿತು. 316 ಡಾಲರಿನ, 2.4 ಗಿಗಾಹರ್ಟ್ಸ್‌ನ ಇ6600 ಪ್ರೊಸೆಸರ್, ಅದೇ ಕಂಪನಿಯ 999 ಡಾಲರಿನ, 3.73 ಗಿಗಾಹರ್ಟ್ಸ್‌ನ ಪೆಂಟಿಯಂ ಎಕ್ಸ್‌ಟ್ರೀಮ್ ಎಡಿಷನ್ 965 ಅನ್ನು ಬಹುತೇಕ ಪರೀಕ್ಷೆಗಳಲ್ಲಿ ಹಿಂದೆ ಹಾಕಿತು. ಮೂರರಲ್ಲಿ ಒಂದು ಪಾಲು ಬೆಲೆ, ಮೂರರಲ್ಲಿ ಎರಡು ಪಾಲು ಬಡಿತ, ಆದರೂ ಹೆಚ್ಚು ಕೆಲಸ. ಇದು ಗೊತ್ತಿದ್ದೂ ಹನ್ನೊಂದು ವರ್ಷಗಳ ನಂತರ ನಾನು ಫೋನಿನಲ್ಲಿ ಹಾಗೆ ಹೇಳಿದೆನಲ್ಲ ಎಂದು ಈಗಲೂ ನೋವಾಗುತ್ತದೆ. ಒಂದೇ ಕಂಪನಿಯ ಒಂದೇ ಪೀಳಿಗೆಯ ಎರಡು ಪ್ರೊಸೆಸರ್‌ಗಳ ನಡುವೆ ಗಿಗಾಹರ್ಟ್ಸ್ ಹೋಲಿಸಬಹುದು. ಆ ಬೇಲಿ ದಾಟಿದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಗಿಗಾಹರ್ಟ್ಸ್ ಹೋಯಿತು, ಈಗ ಕೋರ್ ಎಣಿಸುವ ಕಾಲ. ಇದರಲ್ಲೂ ಎಚ್ಚರ ಬೇಕು. ಮದುವೆ ಮನೆಯ ಅಡುಗೆಯನ್ನು ನೆನಪು ಮಾಡಿಕೊಳ್ಳಿ. ತರಕಾರಿ ಹೆಚ್ಚಲು ಎಂಟು ಜನ ಕುಳಿತರೆ ಒಬ್ಬರು ಹೆಚ್ಚುವುದಕ್ಕಿಂತ ಎಂಟು ಪಟ್ಟು ಬೇಗ ಆಗುತ್ತದೆ. ಆದರೆ ಬೇಳೆ ಬೇಯುವುದು ಎಂಟು ಜನ ಒಲೆಯ ಸುತ್ತ ನಿಂತರೂ ಅಷ್ಟೇ ಹೊತ್ತು. ಜೀನ್ ಆಮ್ಡಾಲ್ ಎಂಬ ಎಂಜಿನಿಯರ್ 1967ರಲ್ಲಿ ಈ ಮಿತಿಯನ್ನು ಎತ್ತಿ ತೋರಿಸಿದರು. ಒಂದು ಕೆಲಸದಲ್ಲಿ ನೂರಕ್ಕೆ ಹತ್ತು ಪಾಲು ಹಂಚಲಾಗದ್ದು ಎಂದಿಟ್ಟುಕೊಳ್ಳಿ. ನಾಲ್ಕು ಕೋರ್ ಕೊಟ್ಟರೆ ಅದು ಸುಮಾರು 3.1 ಪಟ್ಟು ಬೇಗ ಮುಗಿಯುತ್ತದೆ, ಎಂಟು ಕೋರ್ ಕೊಟ್ಟರೆ ಸುಮಾರು 4.7 ಪಟ್ಟು. ಕೋರ್ ಎರಡರಷ್ಟಾಯಿತು, ಲಾಭ ಒಂದೂವರೆಯಷ್ಟು. ಅರ್ಧ ಕೆಲಸ ಹಂಚಲಾಗದ್ದಾದರೆ ಎಂಟು ಕೋರ್‌ನಲ್ಲೂ 1.8 ಪಟ್ಟು ಮುಟ್ಟುವುದಿಲ್ಲ. ಸಾವಿರ ಕೋರ್ ಕೊಟ್ಟರೂ ಎರಡು ಪಟ್ಟು ದಾಟುವುದಿಲ್ಲ. ವಿಡಿಯೊ ರೆಂಡರಿಂಗ್ ತರಕಾರಿ ಹೆಚ್ಚುವ ಕೆಲಸ. ಲೆಕ್ಕಪತ್ರದ ತಂತ್ರಾಂಶ, ವೆಬ್ ಪುಟ ತೆರೆಯುವುದು, ಕನ್ನಡ ಪುಟ ವಿನ್ಯಾಸ, ಇವುಗಳಲ್ಲಿ ಬೇಳೆ ಬೇಯಿಸುವ ಪಾಲು ಹೆಚ್ಚು.

ಕೋರ್ ಎಂಬ ಪದಕ್ಕೂ ಎಲ್ಲೆಡೆ ಒಂದೇ ಅರ್ಥವಿಲ್ಲ. 2011ರಲ್ಲಿ ಎಎಂಡಿ ಎಫ್‌ಎಕ್ಸ್-8150 ಎಂಬುದನ್ನು ಎಂಟು ಕೋರ್ ಎಂದು ಮಾರಿತು. ಅದರಲ್ಲಿ ಎರಡೆರಡು ಕೋರ್‌ಗಳು ಸೇರಿ ದಶಮಾಂಶ ಲೆಕ್ಕ ಮಾಡುವ ಒಂದೇ ಘಟಕವನ್ನು ಹಂಚಿಕೊಂಡಿದ್ದವು. ಇದನ್ನು ಎಂಟು ಎನ್ನಬಹುದೇ ಎಂಬ ಮೊಕದ್ದಮೆ ಅಮೆರಿಕದಲ್ಲಿ ನಡೆದು, 2019ರಲ್ಲಿ 1.21 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಈಗಿನ ಹಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್, ಚಿಕ್ಕ ಕೋರ್ ಎಂಬ ಎರಡು ಜಾತಿ ಇವೆ. 2021ರ ಕೋರ್ ಐ9-12900ಕೆಯ 16 ಕೋರ್‌ಗಳಲ್ಲಿ ಎಂಟು ದೊಡ್ಡವು, ಎಂಟು ಚಿಕ್ಕವು. ಅದನ್ನು 16 ದೊಡ್ಡ ಕೋರ್‌ಗಳ ಇನ್ನೊಂದು ಪ್ರೊಸೆಸರ್ ಪಕ್ಕದಲ್ಲಿಟ್ಟು ಸಂಖ್ಯೆ ಸಮ ಎನ್ನುವುದು ಸರಿಯಲ್ಲ. ಕೋರ್‌ಗಳ ಮಾತು ಬಂದಾಗ ಒಂದು ಹೆಮ್ಮೆಯ ವಿಷಯ ಹೇಳಲೇಬೇಕು. ಇಂಟೆಲ್‌ನ ಮೊದಲ ಆರು ಕೋರ್ ಪ್ರೊಸೆಸರ್, 2008ರಲ್ಲಿ ಸರ್ವರ್‌ಗಳಿಗಾಗಿ ಬಂದ ಜಿಯಾನ್ 7400, ವಿನ್ಯಾಸಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. ಅದರಲ್ಲಿ ಸುಮಾರು 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು.

ಇನ್ನೊಂದು ಸಂಗತಿ ಕ್ಯಾಶ್. ಇದು ದುಡ್ಡಿನ ಕ್ಯಾಶ್ ಅಲ್ಲ, ಪ್ರೊಸೆಸರ್ ಒಳಗೇ ಇರುವ ಚಿಕ್ಕ, ಅತಿ ವೇಗದ ಮೆಮೊರಿ. ಮತ್ತೆ ಅಡುಗೆ ಮನೆಗೇ ಹೋಗೋಣ. ಒಲೆಯ ಪಕ್ಕದ ಸಾಂಬಾರ ಡಬ್ಬಿಯಲ್ಲಿ ಸಾಸಿವೆ ಇದ್ದರೆ ಕೈ ಚಾಚಿದರೆ ಸಾಕು. ಇಲ್ಲದಿದ್ದರೆ ಉಗ್ರಾಣಕ್ಕೆ ಹೋಗಿ ತರಬೇಕು, ಅಷ್ಟು ಹೊತ್ತು ಎಣ್ಣೆ ಸುಮ್ಮನೆ ಕಾಯುತ್ತಿರುತ್ತದೆ. ರ‍್ಯಾಮ್ ಎನ್ನುವ ಹೊರಗಿನ ಮೆಮೊರಿಯೇ ಉಗ್ರಾಣ. ಎಎಂಡಿ 2022ರ ಏಪ್ರಿಲ್‌ನಲ್ಲಿ ತಂದ ರೈಜೆನ್ 7 5800ಎಕ್ಸ್3ಡಿ ಇದಕ್ಕೆ ಸೊಗಸಾದ ಉದಾಹರಣೆ. ಅದರ ಹಿರಿಯಣ್ಣ 5800ಎಕ್ಸ್‌ನಲ್ಲಿ 32 ಎಂಬಿ ಮೂರನೇ ಹಂತದ ಕ್ಯಾಶ್ ಇತ್ತು, ಇದರಲ್ಲಿ 96 ಎಂಬಿ. ಬಡಿತ ಮಾತ್ರ ಕಡಿಮೆ: 4.7ರಿಂದ 4.5ಕ್ಕೆ ಇಳಿದಿತ್ತು. ಆಟಗಳಲ್ಲಿ ಇದು ಅಣ್ಣನನ್ನು ಸುಲಭವಾಗಿ ಹಿಂದೆ ಹಾಕಿತು. ವಿಡಿಯೊ, ಮೂರು ಆಯಾಮದ ಚಿತ್ರಗಳಂಥ ಕೆಲಸಗಳಲ್ಲಿ ಅಣ್ಣನೇ ಸ್ವಲ್ಪ ಮುಂದೆ. ಹೆಚ್ಚು ಬೆಲೆ ಕೊಟ್ಟು ಕಡಿಮೆ ವೇಗ ಕೊಳ್ಳುವುದೂ ಸಾಧ್ಯ ಎಂದು ಹೇಳಿದರೆ ಜನ ನಂಬುವುದಿಲ್ಲ. ರೆಂಡರಿಂಗ್ ಮಾಡುವವರು ಈ ಪ್ರೊಸೆಸರ್ ಕೊಂಡರೆ ಆಗುವುದು ಅದೇ.

ಇಷ್ಟೆಲ್ಲ ಗೊಂದಲ ಇರುವಾಗ ಪರೀಕ್ಷೆಯ ಅಂಕಗಳನ್ನು ನಂಬಬಹುದಲ್ಲ ಎಂದು ನೀವು ಕೇಳಬಹುದು. ನಂಬಬಹುದು, ಪರೀಕ್ಷೆ ಯಾವುದು ಎಂದು ತಿಳಿದುಕೊಂಡರೆ. ಸ್ಪೆಕ್ ಎಂಬ ಸಂಸ್ಥೆ 1988ರಿಂದ ಈ ಕೆಲಸ ಮಾಡುತ್ತಿದೆ. ನಿಜ ಜೀವನದ ಪ್ರೋಗ್ರಾಂಗಳನ್ನೇ ತೆಗೆದುಕೊಂಡು, ಕಟ್ಟುನಿಟ್ಟಿನ ನಿಯಮಗಳಡಿ ಓಡಿಸಿ ಫಲಿತಾಂಶ ಪ್ರಕಟಿಸುತ್ತದೆ. ಅಂಥ ಕಡೆಯೂ 2024ರ ಆರಂಭದಲ್ಲಿ ಇಂಟೆಲ್ ಸರ್ವರ್ ಪ್ರೊಸೆಸರ್‌ಗಳ 2600ಕ್ಕೂ ಹೆಚ್ಚು ಫಲಿತಾಂಶಗಳ ಮೇಲೆ ಎಚ್ಚರಿಕೆಯ ಟಿಪ್ಪಣಿ ಹಾಕಬೇಕಾಯಿತು. ಅವುಗಳಿಗೆ ಬಳಸಿದ್ದ ಇಂಟೆಲ್‌ನ ಕಂಪೈಲರ್ (ಪ್ರೋಗ್ರಾಂ ಬರಹವನ್ನು ಪ್ರೊಸೆಸರ್‌ನ ಆದೇಶಗಳಾಗಿ ಬದಲಿಸುವ ತಂತ್ರಾಂಶ), ಪರೀಕ್ಷೆಯಲ್ಲಿರುವ ಒಂದು ಪ್ರೋಗ್ರಾಂ ಮತ್ತು ಅದರ ದತ್ತಾಂಶ ಮೊದಲೇ ಗೊತ್ತಿದ್ದಂತೆ ಅದಕ್ಕೆಂದೇ ವೇಗ ಹೆಚ್ಚಿಸುತ್ತಿತ್ತು ಎಂಬುದು ಸ್ಪೆಕ್‌ನ ತೀರ್ಮಾನ. ಪ್ರಶ್ನೆಪತ್ರಿಕೆ ನೋಡಿಕೊಂಡು ಹೋದ ವಿದ್ಯಾರ್ಥಿಯ ಅಂಕಗಳನ್ನು ನಾವು ಹೇಗೆ ನೋಡುತ್ತೇವೋ ಅವನ್ನೂ ಹಾಗೆಯೇ ನೋಡಬೇಕು.

ಯಾರೂ ಮೋಸ ಮಾಡದಿದ್ದರೂ ಸರಾಸರಿ ತೆಗೆಯುವಾಗ ನಾವೇ ಎಡವುತ್ತೇವೆ. ಇದು ನನಗೆ ಬಹಳ ಇಷ್ಟವಾದ ಲೆಕ್ಕ, ದಯವಿಟ್ಟು ಬರೆದುಕೊಳ್ಳಿ. ಎರಡು ಕೆಲಸ, ಎರಡು ಪ್ರೊಸೆಸರ್. ಮೊದಲ ಕೆಲಸಕ್ಕೆ "ಅ" 10 ಸೆಕೆಂಡ್ ತೆಗೆದುಕೊಂಡಿತು, "ಬ" 20. ಎರಡನೆಯ ಕೆಲಸಕ್ಕೆ "ಅ" 20, "ಬ" 10. "ಅ" ಪ್ರೊಸೆಸರ್ ಅನ್ನು ಅಳತೆಗೋಲಾಗಿ ಇಟ್ಟುಕೊಂಡರೆ "ಬ" ತೆಗೆದುಕೊಂಡ ಸಮಯ ಒಂದರಲ್ಲಿ 2 ಪಟ್ಟು, ಇನ್ನೊಂದರಲ್ಲಿ ಅರ್ಧ ಪಟ್ಟು. ಸರಾಸರಿ 1.25. ಅಂದರೆ "ಬ" ನೂರಕ್ಕೆ 25ರಷ್ಟು ನಿಧಾನ. ಈಗ "ಬ" ಅನ್ನು ಅಳತೆಗೋಲು ಮಾಡಿ. ಅದೇ ಲೆಕ್ಕ, "ಅ" ನೂರಕ್ಕೆ 25ರಷ್ಟು ನಿಧಾನ! ಅಳತೆಗೋಲನ್ನು ಹಿಡಿದವರು ಯಾರೋ ಅವರೇ ಗೆಲ್ಲುತ್ತಾರೆ. ಅದಕ್ಕಾಗಿಯೇ ಅನುಪಾತಗಳನ್ನು ಕೂಡಿ ಭಾಗಿಸದೆ, ಗುಣಿಸಿ ಮೂಲ ತೆಗೆಯುವ ಗುಣೋತ್ತರ ಸರಾಸರಿಯನ್ನು ಸ್ಪೆಕ್ ಬಳಸುತ್ತದೆ. 2 ಗುಣಿಸು ಅರ್ಧ ಅಂದರೆ 1, ಅದರ ವರ್ಗಮೂಲವೂ 1. ಎರಡೂ ಸಮ ಎಂಬ ಸತ್ಯ ಆಗ ಹೊರಬೀಳುತ್ತದೆ. ಆದರೂ ನಿಮ್ಮ ಕೆಲಸ ಮೊದಲನೆಯದು ಮಾತ್ರ ಆಗಿದ್ದರೆ ಈ ಸಮ ಎಂಬ ಸತ್ಯದಿಂದ ನಿಮಗೆ ಯಾವ ಪ್ರಯೋಜನವೂ ಇಲ್ಲ.

ಈಗ ಬೆಲೆಗೆ ಬರುತ್ತೇನೆ. ಹತ್ತರಲ್ಲಿ ಒಂಬತ್ತು ಜನ ಲೆಕ್ಕ ತಪ್ಪುವುದನ್ನು ನಾನು ಕಂಡಿರುವುದು ಈ ಜಾಗದಲ್ಲಿ. ಅಂಕಗಳನ್ನು ಬೆಲೆಯಿಂದ ಭಾಗಿಸಿ, ರೂಪಾಯಿಗೆ ಹೆಚ್ಚು ಅಂಕ ಯಾವುದೋ ಅದನ್ನು ಆರಿಸುತ್ತಾರೆ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 10,000 ರೂಪಾಯಿಯ ಪ್ರೊಸೆಸರ್‌ಗೆ ನಿಮ್ಮ ಕೆಲಸದಲ್ಲಿ 100 ಅಂಕ. 16,000 ರೂಪಾಯಿಯದಕ್ಕೆ 130. ಮೊದಲನೆಯದರಲ್ಲಿ ಒಂದು ಅಂಕಕ್ಕೆ 100 ರೂಪಾಯಿ, ಎರಡನೆಯದರಲ್ಲಿ 123. ಮೊದಲನೆಯದೇ ಅಗ್ಗ. ಆದರೆ ಪ್ರೊಸೆಸರ್ ಒಂದನ್ನೇ ಮೇಜಿನ ಮೇಲಿಟ್ಟರೆ ಅದು ಕೆಲಸ ಮಾಡುವುದಿಲ್ಲ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ (ವೇಗದ ಡಿಸ್ಕ್), ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಭಾಗ), ಪೆಟ್ಟಿಗೆ, ಮಾನಿಟರ್ ಸೇರಿ ಇನ್ನೊಂದು 30,000 ರೂಪಾಯಿ ಎಂದುಕೊಳ್ಳಿ. ಈಗ 40,000ಕ್ಕೆ 100 ಅಂಕ, ಅಂದರೆ ಅಂಕಕ್ಕೆ 400 ರೂಪಾಯಿ. 46,000ಕ್ಕೆ 130 ಅಂಕ, ಅಂದರೆ ಅಂಕಕ್ಕೆ 354. ಫಲಿತಾಂಶ ಮಗುಚಿಬಿತ್ತು. ಪ್ರೊಸೆಸರ್‌ನ ಬೆಲೆಯಿಂದ ಭಾಗಿಸಬೇಡಿ, ಕೊಡುವ ಒಟ್ಟು ಹಣದಿಂದ ಭಾಗಿಸಿ. ಇನ್ನೊಂದು ಸಂದರ್ಭವೂ ಇದೆ. ಹಳೆಯ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮಾತ್ರ ಬದಲಾಯಿಸುವವರಿಗೆ ಉಳಿದದ್ದಕ್ಕೆಲ್ಲ ಹಣ ಆಗಲೇ ಹೋಗಿದೆ. ಅವರು ಹೊಸ ಪ್ರೊಸೆಸರ್ ಬೆಲೆಯನ್ನು, ಹೆಚ್ಚಾಗಿ ಸಿಗುವ ಅಂಕಗಳಿಂದ ಮಾತ್ರ ಭಾಗಿಸಬೇಕು.

2017ರ ಜೋಡಿಗೆ ಈ ಕಣ್ಣಿನಿಂದ ಮರಳಿ ಬನ್ನಿ. ರೈಜೆನ್ 1700ರ ಡಬ್ಬಿಯಲ್ಲಿ ಪ್ರೊಸೆಸರ್ ತಣಿಸುವ ಒಳ್ಳೆಯ ಕೂಲರ್ ಸೇರಿತ್ತು. 7700ಕೆ ಡಬ್ಬಿಯಲ್ಲಿ ಕೂಲರ್ ಇರಲಿಲ್ಲ, ಬೇರೆ ಕೊಳ್ಳಬೇಕಿತ್ತು. ಇದಕ್ಕೆ ಎದುರಾಗಿ, 7700ಕೆ ಒಳಗೆ ಗ್ರಾಫಿಕ್ಸ್ ಇತ್ತು. ರೈಜೆನ್ 1700ರಲ್ಲಿ ಇರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಸ್ಟುಡಿಯೊದವರು ಕಾರ್ಡ್ ಹೇಗಿದ್ದರೂ ಹಾಕುತ್ತಾರೆ, ಅವರಿಗೆ ಇದು ಖರ್ಚಲ್ಲ. ಜೆರಾಕ್ಸ್ ಅಂಗಡಿಯವರಿಗೆ ಖರ್ಚು. ಅಂದರೆ ಬೆಲೆಯೂ ಕೊಳ್ಳುವವರ ಕೆಲಸದ ಮೇಲೆ ನಿಲ್ಲುತ್ತದೆ. ಇದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಡಾಲರಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ಅಂಗಡಿಯವರೊಡನೆ ಜಗಳ ಆಡಬೇಡಿ. ಅಮೆರಿಕದಲ್ಲಿ ಪ್ರಕಟವಾಗುವ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಶೇಕಡ 18 ಜಿಎಸ್‌ಟಿ, ಸಾಗಣೆ, ವಿತರಕರ ಪಾಲು ಎಲ್ಲ ಸೇರುತ್ತವೆ. ಎರಡು ಪ್ರೊಸೆಸರ್‌ಗಳ ಅಂತರ ಅಲ್ಲಿ ಇದ್ದಂತೆಯೇ ಇಲ್ಲೂ ಇರುತ್ತದೆ ಎಂದು ಎಣಿಸಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೇ ನಾಲ್ಕು ಅಂಗಡಿ ಕೇಳಿ, ಬೆಲೆ ಬರೆದುಕೊಂಡು, ಆ ದಿನದ ಬೆಲೆಯಿಂದ ಲೆಕ್ಕ ಹಾಕಿ. ಡಬ್ಬಿ ಇಲ್ಲದೆ ಬಿಡಿಯಾಗಿ ಬರುವ ಪ್ರೊಸೆಸರ್ ಅಗ್ಗವಾಗಿದ್ದರೆ ವಾರಂಟಿ ಯಾರು ಕೊಡುತ್ತಾರೆ, ಎಷ್ಟು ವರ್ಷ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ರ‍್ಯಾಮ್ ಬೆಲೆಯನ್ನೂ ನೋಡಿ. ಎಎಂಡಿಯ ಎಎಂ5 ಸಾಕೆಟ್ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) 2022ರಲ್ಲಿ ಬಂದಾಗಿನಿಂದ ಡಿಡಿಆರ್5 ಮೆಮೊರಿಯನ್ನೇ ಕೇಳುತ್ತದೆ; ಹಳೆಯ ಎಎಂ4ಗೆ ಡಿಡಿಆರ್4 ಸಾಕು; ಇಂಟೆಲ್‌ನ 12ರಿಂದ 14ನೇ ಪೀಳಿಗೆಯವರೆಗೆ ಬೋರ್ಡಿಗೆ ತಕ್ಕಂತೆ ಎರಡರಲ್ಲಿ ಒಂದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಏರಿದಾಗ, ಪ್ರೊಸೆಸರ್ ಬೆಲೆ ಬದಲಾಗದೆಯೇ ಆಯ್ಕೆಗಳು ಬದಲಾದವು.

ವಿದ್ಯುತ್ತಿನ ಲೆಕ್ಕ ಚಿಕ್ಕದು, ಆದರೆ ಬಿಡಬಾರದು. ಕೋರ್ ಐ9-14900ಕೆ ಪೂರ್ತಿ ದುಡಿದಾಗ 253 ವ್ಯಾಟ್‌ವರೆಗೆ ಎಳೆಯುವಂತೆ ನಿಗದಿಯಾಗಿದೆ. ಅದೇ ಕೆಲಸ ಮಾಡುವ ಇನ್ನೊಂದು ಯಂತ್ರಕ್ಕಿಂತ 100 ವ್ಯಾಟ್ ಹೆಚ್ಚು ಎಳೆಯುವ ಯಂತ್ರ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಪೂರ್ತಿ ದುಡಿದರೆ 240 ಯೂನಿಟ್ ಹೆಚ್ಚು ಖರ್ಚಾಗುತ್ತದೆ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೆ ವರ್ಷಕ್ಕೆ 1680 ರೂಪಾಯಿ. ಐದು ವರ್ಷಕ್ಕೆ 8400. ದೊಡ್ಡ ಕೂಲರ್, ಗಟ್ಟಿಯಾದ ಎಸ್‌ಎಂಪಿಎಸ್ ಖರ್ಚು ಬೇರೆ. ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಬಳಸುವವರು ಇದನ್ನು ಮರೆತರೂ ತೊಂದರೆಯಿಲ್ಲ.

ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಮಾತು. ಹೆಸರನ್ನು ನಂಬಬೇಡಿ. ನಾನು ಹೇಳುತ್ತಿರುವ ಅದೇ 2017ರ ಸುಮಾರಿಗೆ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದ ಕೋರ್ ಐ7-7500ಯು ಒಳಗೆ ಇದ್ದದ್ದು ಎರಡು ಕೋರ್. ಡೆಸ್ಕ್‌ಟಾಪ್‌ನ ಕೋರ್ ಐ5-7400 ಒಳಗೆ ನಾಲ್ಕು. ಏಳು ಎಂಬುದು ಐದಕ್ಕಿಂತ ದೊಡ್ಡದು ಎಂದುಕೊಂಡು ಮಕ್ಕಳಿಗೆ ಸಾಲ ಮಾಡಿ ಕೊಡಿಸಿದ ಎಷ್ಟೋ ತಂದೆತಾಯಿಯರು ಇದ್ದಾರೆ, ಅವರಿಗೆ ಯಾರೂ ಇದನ್ನು ಹೇಳಲಿಲ್ಲ. ಎಎಂಡಿಯಲ್ಲೂ ಹೀಗೆಯೇ. ರೈಜೆನ್ 5 7520ಯು ಎಂಬ ಹೆಸರು 7000 ಸರಣಿಯ ಹೊಸ ಪ್ರೊಸೆಸರ್‌ನಂತೆ ಕೇಳಿಸುತ್ತದೆ. ಅದರ ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸದ ಕೋರ್‌ಗಳು. ಆ ಸರಣಿಯಲ್ಲಿ ಮೂರನೆಯ ಅಂಕಿ ನೋಡಬೇಕು: 2 ಇದ್ದರೆ ಜೆನ್ 2, 3 ಇದ್ದರೆ ಜೆನ್ 3, 4 ಇದ್ದರೆ ಜೆನ್ 4. ಇನ್ನು, ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಶಾಖ ಹೊರಹಾಕುವ ವ್ಯವಸ್ಥೆ ತೆಳುವಾಗಿದ್ದರೆ ಕೆಲವು ನಿಮಿಷಗಳಲ್ಲೇ ಬಡಿತ ಇಳಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್‌ನ ಅಂಕ ನೋಡಬೇಡಿ, ಆ ಮಾದರಿಯ ಲ್ಯಾಪ್‌ಟಾಪ್‌ನ ಅಂಕ ಹುಡುಕಿ ನೋಡಿ.

ಕೊಂಡ ಮೇಲೆ ಎಷ್ಟು ವರ್ಷ ಬಾಳುತ್ತದೆ ಎಂಬುದೂ ಬೆಲೆಯ ಭಾಗವೇ. ಭಾವ 7700ಕೆ ಕೊಂಡು ಆರು ತಿಂಗಳೂ ಕಳೆದಿರಲಿಲ್ಲ, ಆರು ಕೋರ್‌ನ ಕೋರ್ ಐ7-8700ಕೆ ಬಂತು. ಸಾಕೆಟ್ ನೋಡಲು ಅದೇ. ಆದರೆ ಹಳೆಯ ಬೋರ್ಡಿನಲ್ಲಿ ಅದು ಓಡುವುದಿಲ್ಲ, 300 ಸರಣಿಯ ಹೊಸ ಬೋರ್ಡ್ ಬೇಕು. ಬದಲಾಯಿಸುವ ದಾರಿ ಮುಚ್ಚಿಹೋಯಿತು. ಅದೇ ರೈಜೆನ್ 1700 ಕೊಂಡವರಲ್ಲಿ ಹಲವರು 2022ರಲ್ಲಿ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ, ಅದೇ ಬೋರ್ಡಿನ ಮೇಲೆ ಆಗ ಹೇಳಿದ 5800ಎಕ್ಸ್3ಡಿ ಕೂರಿಸಿದರು. ಐದು ವರ್ಷದ ಹಳೆಯ ಬೋರ್ಡ್, ಅದೇ ರ‍್ಯಾಮ್. 2017ರ ಮಾರ್ಚ್‌ನಲ್ಲಿ ಬರೆದ ಯಾವ ಹೋಲಿಕೆಯ ಪಟ್ಟಿಯಲ್ಲೂ ಈ ಲಾಭ ಕಾಣುವುದಿಲ್ಲ. ರೈಜೆನ್ 1700 ಕೂರುವ ಎಎಂ4 ಸಾಕೆಟ್ ಅನ್ನು 2020ರವರೆಗೆ ಬೆಂಬಲಿಸುವುದಾಗಿ ಎಎಂಡಿ ಹೇಳಿದ್ದನ್ನು ನಂಬಿದವರಿಗೆ ಅದು ಸಿಕ್ಕಿತು.

ಇಲ್ಲೊಂದು ಬೇಸರದ ಸಂಗತಿಯಿದೆ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಅದಕ್ಕೆ ಒಪ್ಪುವ ಪ್ರೊಸೆಸರ್‌ಗಳೆಂದು ಮೈಕ್ರೋಸಾಫ್ಟ್ ಪ್ರಕಟಿಸಿದ ಪಟ್ಟಿಯಲ್ಲಿ 7700ಕೆಯೂ ಇರಲಿಲ್ಲ, ರೈಜೆನ್ 1700ವೂ ಇರಲಿಲ್ಲ. ಆದರೆ ಎರಡೇ ಕೋರ್‌ನ ಸೆಲೆರಾನ್ ಎನ್4020 ಆ ಪಟ್ಟಿಯಲ್ಲಿತ್ತು. ಎಂಟು ಕೋರ್ ದುಡಿಯುವ ಯಂತ್ರ ಹೊರಗೆ, ಎರಡು ಕೋರ್‌ನದು ಒಳಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ನಮ್ಮ ಊರುಗಳಲ್ಲಿ ಇಂಥ ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಗುಜರಿಗೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಭಾವನ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ನಾನೇ ಹಾಕಿಕೊಟ್ಟಿದ್ದೇನೆ. ಈಗ ಅದು ಅವರ ಮಗಳ ಕೋಣೆಯಲ್ಲಿದೆ, ಪ್ರೋಗ್ರಾಮಿಂಗ್ ಕಲಿಯಲು ಅವಳಿಗೆ ಯಾವ ಕೊರತೆಯೂ ಆಗಿಲ್ಲ. ಹಳೆಯ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಲಿನಕ್ಸ್ ಬಳಸಲು ಸಿದ್ಧರಿದ್ದರೆ, ಈ ಪಟ್ಟಿಯಿಂದ ಹೊರಬಿದ್ದವುಗಳಲ್ಲೇ ಹಣಕ್ಕೆ ಹೆಚ್ಚು ಕೆಲಸ ಸಿಗುತ್ತದೆ.

ಮಾತು ಮುಗಿದ ಮೇಲೆ ಡಿಟಿಪಿ ಅಂಗಡಿ ನಡೆಸುವ ಒಬ್ಬ ಅಕ್ಕ ಎದ್ದು ಕೇಳಿದರು: "ಸರ್, ನನ್ನದು ಆರು ವರ್ಷದ ಹಳೆಯ ಕಂಪ್ಯೂಟರ್. ಲಗ್ನಪತ್ರಿಕೆಯ ಫೈಲ್ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಯಾವ ಪ್ರೊಸೆಸರ್ ಹಾಕಿಸಲಿ?"

ನಾನು ಹೇಳಿದ್ದು ಇಷ್ಟು: ನಾಳೆ ಅಂಗಡಿಗೆ ಹೋದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟ ಇಟ್ಟುಕೊಂಡು, ನಿಮಗೆ ಬೇಸರ ತರಿಸುವ ಆ ಫೈಲನ್ನೇ ತೆರೆಯಿರಿ. ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ ಪ್ರೊಸೆಸರ್ ಬೇಡ, ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ತುಂಬಿದ್ದರೆ ರ‍್ಯಾಮ್ ಹಾಕಿಸಿ.

"ಎರಡೂ ಆರಾಮಾಗಿದ್ದು, ಸಿಪಿಯು, ಅಂದರೆ ಪ್ರೊಸೆಸರ್, ಬರೀ 13 ತೋರಿಸಿದರೆ?" ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಎಂಟು ಥ್ರೆಡ್ ಇರುವ ಯಂತ್ರದಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೆ ಒಟ್ಟು ಲೆಕ್ಕದಲ್ಲಿ ಕಾಣುವುದು ನೂರರ ಎಂಟನೇ ಒಂದು ಪಾಲು, ಅಂದರೆ 12.5. ಹಾಗಾಗಿ 13 ಎಂದರೆ ಪ್ರೊಸೆಸರ್ ಸುಮ್ಮನೆ ಕುಳಿತಿದೆ ಎಂದಲ್ಲ, ಒಬ್ಬರು ಬೆವರು ಸುರಿಸುತ್ತಿದ್ದಾರೆ, ಏಳು ಜನ ನೋಡುತ್ತಿದ್ದಾರೆ ಎಂದಿರಬಹುದು. ಆ ಗ್ರಾಫಿನ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ ಲಾಜಿಕಲ್ ಪ್ರೊಸೆಸರ್ಸ್ ಎಂಬುದನ್ನು ಆರಿಸಿದರೆ ಎಂಟೂ ಬೇರೆಬೇರೆಯಾಗಿ ಕಾಣುತ್ತವೆ. ಹಾಗೆ ಒಂದೇ ದುಡಿಯುತ್ತಿದ್ದರೆ ಅಕ್ಕನಿಗೆ ಬೇಕಾದದ್ದು ಹೆಚ್ಚು ಕೋರ್ ಅಲ್ಲ, ಒಂದೊಂದು ಕೋರ್ ಚುರುಕಾಗಿರುವ ಹೊಸ ಪೀಳಿಗೆಯ ಆರು ಕೋರ್ ಪ್ರೊಸೆಸರ್.

ಅವರು ಕೀಲಿಗಳ ಹೆಸರನ್ನು ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯ ಹಿಂದೆ ಬರೆದುಕೊಂಡರು. ಎರಡು ದಿನ ಬಿಟ್ಟು ಪರದೆಯ ಫೋಟೊ ಕಳಿಸಿದರು. ಡಿಸ್ಕ್ ನೂರು, ಸಿಪಿಯು ಒಂಬತ್ತು.